ಹಳೆಯ ಜಾಝ್, ಹೊಸ ತಟ್ಟೆ

ಕೆಲವು ತಿಂಗಳ ಹಿಂದೆ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆ. ಅವರಿಗೆ ಅಮೆರಿಕದ ಜಾಝ್ ಸಂಗೀತವೆಂದರೆ ಪಂಚಪ್ರಾಣ. ನಡುಮನೆಯ ಒಂದು ಗೋಡೆಯ ತುಂಬ ಗ್ರಾಮಫೋನ್ ಪ್ಲೇಟುಗಳು. ಕೆಳಗಿನ ಅರೆಗಳಲ್ಲಿ ಸಿ.ಡಿ.ಗಳು. ಕಾಫಿ ಮುಗಿಯುತ್ತಿದ್ದಂತೆ ಅವರು, “ಕೂತುಕೊಳ್ಳಿ ಸ್ವಾಮಿ, ನಿಮ್ಮ ಕಿವಿಯನ್ನು ಸ್ವಲ್ಪ ಪರೀಕ್ಷೆ ಮಾಡೋಣ” ಎಂದರು. ಮೈಲ್ಸ್ ಡೇವಿಸ್ ಎಂಬ ಟ್ರಂಪೆಟ್ ವಾದಕನ ‘ಕೈಂಡ್ ಆಫ್ ಬ್ಲೂ’ ಎಂಬ ಆಲ್ಬಮ್ ಬಹು ಪ್ರಸಿದ್ಧವಾದದ್ದು. ಅದರ ಮೊದಲನೆಯ ರಚನೆ ‘ಸೋ ವಾಟ್’. ಅದನ್ನೇ ಎರಡು ಬೇರೆ ಬೇರೆ ಕಾಲದ ಸಿ.ಡಿ.ಗಳಿಂದ, ಯಾವುದು ಯಾವುದೆಂದು ಹೇಳದೆ, ಒಂದಾದ ಮೇಲೊಂದು ನುಡಿಸಿ, “ಯಾವುದು ಚೆನ್ನಾಗಿದೆ?” ಎಂದು ಕೇಳಿದರು. ನಾನು ಹಿಂದುಮುಂದು ನೋಡದೆ, “ಎರಡನೆಯದು. ಅದರಲ್ಲಿ ಜೀವ ಇದೆ. ಮೊದಲನೆಯದು ಮಂಕು” ಎಂದುಬಿಟ್ಟೆ.

ಅವರು ನಕ್ಕರು. ಎರಡನ್ನೂ ಮತ್ತೆ ನುಡಿಸಿದರು. ಈ ಸಲ ಎರಡನೆಯದು ಬಂದಾಗ ಗುಂಡಿಯನ್ನು ಒಂದಿಷ್ಟು, ಕೇವಲ ಒಂದಿಷ್ಟು, ಹಿಂದಕ್ಕೆ ತಿರುಗಿಸಿದರು. ಆಶ್ಚರ್ಯ! ಈಗ ಜೀವವಿದ್ದದ್ದು ಮೊದಲನೆಯದರಲ್ಲಿ. ತಂತಿಯ ಮೇಲೆ ಬೆರಳಾಡುವುದು, ಸಿಂಬಲ್ ಮೇಲೆ ಬಿದ್ದ ಪೆಟ್ಟಿನ ನಾದ ಮೆಲ್ಲಮೆಲ್ಲನೆ ಕರಗಿಹೋಗುವುದು, ಎಲ್ಲವೂ ಅದರಲ್ಲೇ ಸ್ಪಷ್ಟ. ಎರಡನೆಯದು ಬರಿಯ ಗಟ್ಟಿ ದನಿ. “ನೀವು ಮೊದಲು ಮೆಚ್ಚಿದ್ದು ಧ್ವನಿಯ ಗುಣವನ್ನಲ್ಲ, ಗಾತ್ರವನ್ನು” ಎಂದರು ಸ್ನೇಹಿತರು. ನನಗೆ ನಾಚಿಕೆಯಾಯಿತು. ಆ ನಾಚಿಕೆಯೇ ಈ ಭಾಷಣಕ್ಕೆ ಕಾರಣ.

ಜಾಝ್ ಸಂಗೀತದ ಹಳೆಯ ಧ್ವನಿಮುದ್ರಿಕೆಗಳು ಮತ್ತೆ ಮತ್ತೆ ಹೊಸ ರೂಪದಲ್ಲಿ ಹೊರಬರುತ್ತಿವೆ. ಪ್ರತಿಯೊಂದರ ಮೇಲೂ ‘ರೀಮಾಸ್ಟರ್’ ಎಂಬ ಚೀಟಿ. ಇದೇ ಅತ್ಯುತ್ತಮ ಎಂಬ ಪ್ರಶಸ್ತಿ. ಒಂದೇ ಆಲ್ಬಮ್ಮನ್ನು ಮೂರು ಸಲ, ನಾಲ್ಕು ಸಲ ಕೊಂಡವರಿದ್ದಾರೆ. ಒಂದೇ ಸಂಗೀತ ಒಂದೊಂದರಲ್ಲಿ ಒಂದೊಂದು ಬಗೆಯಾಗಿ ಕೇಳುವುದೇಕೆ? ಇವುಗಳಲ್ಲಿ ಮೇಲು ಯಾವುದು ಎಂದು ತೀರ್ಮಾನಿಸುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಕುರಿತು ಒಂದೆರಡು ಮಾತು ಹೇಳುತ್ತೇನೆ. ನಾನು ಸಂಗೀತ ವಿದ್ವಾಂಸನಲ್ಲ, ಯಂತ್ರ ಬಲ್ಲವನೂ ಅಲ್ಲ. ಕೇಳುವ ಚಪಲವುಳ್ಳವನು, ಅಷ್ಟೆ.

ಇದೇನು ಅಷ್ಟು ದೊಡ್ಡ ವಿಷಯವೆ ಎಂದು ಯಾರಾದರೂ ಕೇಳಬಹುದು. ಯೂರೋಪಿನ ಶಾಸ್ತ್ರೀಯ ಸಂಗೀತಕ್ಕೆ ಸ್ವರಲಿಪಿಯುಂಟು. ಬೀಥೋವನ್ನನ ಸಿಂಫನಿಯ ಒಂದು ಧ್ವನಿಮುದ್ರಿಕೆ ಕೆಟ್ಟುಹೋದರೆ ಇನ್ನೊಂದು ವಾದ್ಯವೃಂದ ಅದನ್ನು ಮತ್ತೆ ನುಡಿಸೀತು. ಜಾಝ್ ಹಾಗಲ್ಲ. ಅದು ನಮ್ಮವರು ಮನೋಧರ್ಮ ಸಂಗೀತವೆನ್ನುವ ಜಾತಿಗೆ ಸೇರಿದ್ದು. ಪಲ್ಲವಿಯಂತೆ ಒಂದು ಸಣ್ಣ ರಾಗಖಂಡವಿರುತ್ತದೆ. ಅದರ ಮೇಲೆ ವಾದಕ ಆ ಗಳಿಗೆಯಲ್ಲಿ ತೋಚಿದ್ದನ್ನು ಕಟ್ಟುತ್ತಾ ಹೋಗುತ್ತಾನೆ. ಆ ಸಂಜೆ ಹುಟ್ಟಿದ್ದು ಆ ಸಂಜೆಗೇ ಮುಗಿಯಿತು. ಉಳಿದಿರುವುದು ಟೇಪಿನ ಮೇಲಿನ ಗುರುತು ಮಾತ್ರ. ‘ಕೈಂಡ್ ಆಫ್ ಬ್ಲೂ’ ನುಡಿಸಿದ ಏಳು ಮಂದಿಯಲ್ಲಿ ಕೊನೆಯವನಾದ ಡ್ರಮ್ ವಾದಕ ಜಿಮ್ಮಿ ಕಾಬ್ 2020ರಲ್ಲಿ ತೀರಿಕೊಂಡ. ಇನ್ನು ಆ ಧ್ವನಿಮುದ್ರಿಕೆಯೇ ಕೃತಿ. ಅದನ್ನು ತಿದ್ದುವವನ ಕೈ ಕೃತಿಯ ಮೇಲೆಯೇ ಬೀಳುತ್ತದೆ.

ಓಲೆಗರಿಯ ಕಾವ್ಯಗಳನ್ನು ಅಚ್ಚಿಗೆ ತಂದ ವಿದ್ವಾಂಸರ ಕಷ್ಟವನ್ನು ನೀವು ಬಲ್ಲಿರಿ. ಕವಿಯ ಕೈಬರಹ ಸಿಕ್ಕುವುದಿಲ್ಲ. ಸಿಕ್ಕುವುದು ಲಿಪಿಕಾರರ ಪ್ರತಿಗಳು. ಒಂದರಲ್ಲಿ ಹುಳು ತಿಂದಿದೆ, ಒಂದರಲ್ಲಿ ಲಿಪಿಕಾರ ತನಗೆ ಅರ್ಥವಾಗದ ಮಾತನ್ನು ತಾನೇ ತಿದ್ದಿದ್ದಾನೆ. ಯಾವ ಪ್ರತಿಯನ್ನು ನಂಬಬೇಕು, ಎಷ್ಟು ತಿದ್ದಬೇಕು, ಎಲ್ಲಿ ಕೈ ಬಿಡಬೇಕು? ಹಳೆಯ ಧ್ವನಿಮುದ್ರಣವನ್ನು ಹೊಸದಾಗಿ ಸಿದ್ಧಪಡಿಸುವ ಎಂಜಿನಿಯರನ ಮುಂದಿರುವುದೂ ಇದೇ ಪ್ರಶ್ನೆ. ಅವನ ಕೆಲಸವೂ ಒಂದು ಬಗೆಯ ಗ್ರಂಥಸಂಪಾದನೆಯೇ.

ಕೆಲಸ ನಡೆಯುವ ಕ್ರಮ ಹೀಗೆ. ಸ್ಟುಡಿಯೊದಲ್ಲಿ ವಾದ್ಯದ ದನಿ ಮೈಕ್ರೊಫೋನಿನ ಮೂಲಕ ಟೇಪಿಗೆ ಇಳಿಯುತ್ತದೆ. ಆ ಟೇಪಿನಿಂದ ಪ್ಲೇಟನ್ನೋ ಸಿ.ಡಿ.ಯನ್ನೋ ತಯಾರಿಸುವ ಮೊದಲು ಒಬ್ಬನು ಕುಳಿತು ಏರುಪೇರುಗಳನ್ನು ಹದಮಾಡುತ್ತಾನೆ. ಮಂದ್ರ ಇಷ್ಟಿರಲಿ, ತಾರ ಇಷ್ಟಿರಲಿ, ಒಟ್ಟು ದನಿ ಇಷ್ಟು ಗಟ್ಟಿಯಾಗಿರಲಿ ಎಂದು ಗೊತ್ತುಮಾಡುತ್ತಾನೆ. ಇದಕ್ಕೆ ಮಾಸ್ಟರಿಂಗ್ ಎಂದು ಹೆಸರು. ಇದನ್ನು ಮತ್ತೊಮ್ಮೆ ಮಾಡಿದರೆ ರೀಮಾಸ್ಟರಿಂಗ್. ಪ್ಲೇಟಿನ ಕಾಲದಲ್ಲಿ ಈ ಹದಕ್ಕೆ ಪ್ಲೇಟಿನದೇ ಕಟ್ಟುಪಾಡುಗಳಿದ್ದವು. ಮಂದ್ರದ ದನಿ ಜೋರಾದರೆ ಗೆರೆ ಅಗಲವಾಗಿ ಓಲಾಡುತ್ತದೆ; ಅಗ್ಗದ ಯಂತ್ರದ ಮುಳ್ಳು ಹಾರಿಬಿಡುತ್ತದೆ. ಪ್ಲೇಟು ತಿರುಗುವ ವೇಗ ಒಂದೇ ಆದರೂ, ಹನ್ನೆರಡು ಅಂಗುಲದ ಪ್ಲೇಟಿನ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾಯ್ದರೆ, ಒಳ ಅಂಚಿನಲ್ಲಿ 20ರ ಆಸುಪಾಸು. ಅದಕ್ಕೇ ಪ್ರತಿ ಬದಿಯ ಕೊನೆಯ ರಚನೆಯ ತಾರಸ್ವರಗಳು ಸ್ವಲ್ಪ ಮಸುಕಾಗುವುದು. 1982ರಲ್ಲಿ ಸಿ.ಡಿ. ಬಂದಾಗ ಈ ಕಟ್ಟುಪಾಡುಗಳು ಹೋದವು. ಆದರೆ ಮೊದಮೊದಲ ಎಷ್ಟೋ ಸಿ.ಡಿ.ಗಳನ್ನು ಪ್ಲೇಟಿಗಾಗಿ ಹದಮಾಡಿದ್ದ ನಕಲು ಟೇಪುಗಳಿಂದಲೇ ತೆಗೆದರು. ಕಟ್ಟು ಕಳಚಿದರೂ ಕಟ್ಟಿನ ಗುರುತು ಹೋಗಲಿಲ್ಲ. ಆದ್ದರಿಂದ ಯಾವುದೇ ಮರುಮುದ್ರಿಕೆಯ ಮುಂದೆ ಕೇಳಬೇಕಾದ ಮೊದಲನೆಯ ಪ್ರಶ್ನೆ, ಇದು ಯಾವ ಟೇಪಿನಿಂದ ಬಂದದ್ದು ಎಂಬುದು.

ಈ ಪ್ರಶ್ನೆ ಎಷ್ಟು ಮುಖ್ಯವೆಂಬುದಕ್ಕೆ ‘ಕೈಂಡ್ ಆಫ್ ಬ್ಲೂ’ವಿನ ಕಥೆಯೇ ಸಾಕು. ಅದನ್ನು ಮುದ್ರಿಸಿದ್ದು ನ್ಯೂಯಾರ್ಕಿನ ಮೂವತ್ತನೆಯ ಬೀದಿಯಲ್ಲಿದ್ದ ಕೊಲಂಬಿಯ ಕಂಪೆನಿಯ ಸ್ಟುಡಿಯೊದಲ್ಲಿ. ಅದು ಹಿಂದೆ ಚರ್ಚಾಗಿದ್ದ ಎತ್ತರದ ಕಟ್ಟಡ. 1959ರ ಮಾರ್ಚ್ 2ರಂದು ಮೂರು ರಚನೆಗಳು, ಏಪ್ರಿಲ್ 22ರಂದು ಎರಡು, ಇಷ್ಟರಲ್ಲಿ ಆಲ್ಬಮ್ ಮುಗಿಯಿತು. ಅದೇ ಆಗಸ್ಟಿನಲ್ಲಿ ಮಾರಾಟಕ್ಕೆ ಬಂತು. ಮಾರ್ಚಿನ ಆ ದಿನ ಎರಡು ಟೇಪ್ ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ಒಂದು ಮುಖ್ಯ ಯಂತ್ರ, ಇನ್ನೊಂದು ಆಪತ್ತಿಗಿರಲೆಂದು. ಮುಖ್ಯ ಯಂತ್ರ ಕೂದಲೆಳೆಯಷ್ಟು ನಿಧಾನವಾಗಿ ಓಡುತ್ತಿತ್ತು. ಯಾರಿಗೂ ತಿಳಿಯಲಿಲ್ಲ. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಏನಾಗುತ್ತದೆ? ಶ್ರುತಿ ಏರುತ್ತದೆ, ಕಾಲವೂ ತುಸು ಓಡುತ್ತದೆ. ಹೀಗೆ ಮೊದಲನೆಯ ಬದಿಯ ಮೂರು ರಚನೆಗಳೂ ಏರಿದ ಶ್ರುತಿಯಲ್ಲೇ ಲೋಕಕ್ಕೆ ಬಂದವು.

ಏರಿದ್ದು ಬಹಳವೇನಲ್ಲ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕಿರುವ ದೂರದ ಅರ್ಧಕ್ಕೂ ಒಳಗೆ. ಆದರೆ ತಂಬೂರಿಯ ನಾದದಲ್ಲಿ ಬೆಳೆದ ಕಿವಿಗೆ ಅದರ ಬೆಲೆ ಗೊತ್ತು. ಆ ಪ್ಲೇಟನ್ನು ಹಾಕಿಕೊಂಡು ಜೊತೆಯಲ್ಲಿ ನುಡಿಸಿ ಕಲಿಯಲು ಹೊರಟ ವಾದಕರಿಗೆ ತಮ್ಮ ವಾದ್ಯ ಹೊಂದುತ್ತಿರಲಿಲ್ಲ. ದೋಷ ತಮ್ಮದೇ ಇರಬೇಕೆಂದು ಎಷ್ಟು ಮಂದಿ ಭಾವಿಸಿದರೋ! 1992ರಲ್ಲಿ ಮಾರ್ಕ್ ವೈಲ್ಡರ್ ಎಂಬ ಎಂಜಿನಿಯರ್ ಹೊಸ ಮುದ್ರಿಕೆಗಾಗಿ ಆಪತ್ತಿನ ಟೇಪನ್ನು ತೆಗೆದು ಕೇಳಿದಾಗ ನಿಜ ಹೊರಬಿತ್ತು. ಮೂವತ್ತಮೂರು ವರ್ಷ ಲೋಕವೆಲ್ಲ ಕೇಳಿದ್ದ ಸಂಗೀತ ಶ್ರುತಿ ತಪ್ಪಿತ್ತು. ಪೆಟ್ಟಿಗೆಯಲ್ಲಿ ಮಲಗಿದ್ದ ಟೇಪು ಸರಿಯಾಗಿತ್ತು. ಆಮೇಲೆ ಬಂದ ಮುದ್ರಿಕೆಗಳಲ್ಲಿ ಸಾಮಾನ್ಯವಾಗಿ ತಿದ್ದಿದ ಶ್ರುತಿಯೇ ಇದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಆಪತ್ತಿನ ಟೇಪಿನಲ್ಲಿ ಮೂರು ಬೇರೆ ಬೇರೆ ಪಟ್ಟಿಗಳಲ್ಲಿ ದನಿ ಇತ್ತು. ಅವನ್ನು ಎಡ ಬಲ ಎಂದು ಎರಡಕ್ಕೆ ಇಳಿಸುವ ಕೆಲಸವನ್ನು ಹೊಸದಾಗಿ ಮಾಡಬೇಕಾಯಿತು. 1959ರಲ್ಲಿ ಅದನ್ನು ಮಾಡಿದವರು ಬೇರೆ. ಶ್ರುತಿ ಸರಿಹೋಯಿತು, ಆದರೆ ಯಾವ ವಾದ್ಯ ಎಷ್ಟು ಮುಂದೆ, ಯಾವುದು ಎಷ್ಟು ಹಿಂದೆ ಎಂಬ ತೂಕವನ್ನು ಹೊಸ ಕೈ ತೂಗಿತು. ಆದ್ದರಿಂದ 1959ರ ಪ್ಲೇಟನ್ನೇ ಇಂದಿಗೂ ಮೇಲೆಂದು ಹಿಡಿದಿರುವವರನ್ನು ಹಟಮಾರಿಗಳೆಂದು ತಳ್ಳಿಹಾಕುವಂತಿಲ್ಲ. ಆಗ ಟೇಪು ಹೊಸದು. ಕೆಲಸ ಮಾಡಿದವರು ಆ ಕೋಣೆಯಲ್ಲಿದ್ದವರು. ಸ್ಟುಡಿಯೊದಲ್ಲಿ ನಡೆದದ್ದಕ್ಕೆ ಹತ್ತಿರ ಹೊಸದು; ಜನರ ನೆನಪಿನಲ್ಲಿರುವುದಕ್ಕೆ ಹತ್ತಿರ ಹಳೆಯದು. ಎರಡೂ ಒಂದೊಂದು ಬಗೆಯ ಮೂಲವೇ.

ಮುದ್ರಿಸಿದವನೇ ಬಂದು ತಿದ್ದಿದರೆ ಜಗಳವೇ ಇರುವುದಿಲ್ಲ ಎನ್ನೋಣವೆ? ಅದೂ ಇಲ್ಲ. ಬ್ಲೂ ನೋಟ್ ಎಂಬ ಕಂಪೆನಿ 1939ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಯಿತು. ಅದರ ದೊಡ್ಡ ಧ್ವನಿಮುದ್ರಿಕೆಗಳಲ್ಲಿ ಬಹುಪಾಲು ರೂಡಿ ವಾನ್ ಗೆಲ್ಡರ್ ಎಂಬಾತನ ಕೈಯಲ್ಲಿ ಆದವು. ಆತ ವೃತ್ತಿಯಿಂದ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವನು. ನ್ಯೂ ಜರ್ಸಿಯ ಹ್ಯಾಕೆನ್ಸ್ಯಾಕ್ ಊರಿನಲ್ಲಿ ತಂದೆತಾಯಿಗಳ ಮನೆಯ ನಡುಮನೆಯೇ ಅವನ ಸ್ಟುಡಿಯೊ. 1957ರಲ್ಲಿ ಜಾನ್ ಕೋಲ್ಟ್ರೇನನ ‘ಬ್ಲೂ ಟ್ರೇನ್’ ಮುದ್ರಣವಾದದ್ದು ಆ ನಡುಮನೆಯಲ್ಲೇ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್ ಎಂಬಲ್ಲಿ ಮರದ ಎತ್ತರ ಮಾಡಿನ ಸ್ವಂತ ಸ್ಟುಡಿಯೊ ಕಟ್ಟಿದ ಮೇಲೆ ಕನ್ನಡಕದ ಕೆಲಸ ಬಿಟ್ಟ. ಟೇಪಿಗೆ ಮುದ್ರಿಸುತ್ತಿದ್ದವನೂ ಅವನೇ, ಪ್ಲೇಟಿಗೆ ಗೆರೆ ಕೊರೆಯುತ್ತಿದ್ದವನೂ ಅವನೇ. ಪ್ಲೇಟಿನ ಒಳಸುತ್ತಿನ ಬರಿಜಾಗದಲ್ಲಿ ಅವನ ಹೆಸರಿನ ಗುರುತಿದೆಯೇ ಎಂದು ಸಂಗ್ರಾಹಕರು ಇಂದಿಗೂ ಬೆಳಕಿಗೆ ಹಿಡಿದು ನೋಡುತ್ತಾರೆ.

ಇದೇ ವಾನ್ ಗೆಲ್ಡರ್, ಎಪ್ಪತ್ತು ದಾಟಿದ ಮೇಲೆ, ತಾನು ಹಿಂದೆ ಮುದ್ರಿಸಿದ್ದ ಟೇಪುಗಳನ್ನು ತಾನೇ ಸಿ.ಡಿ.ಗೆ ಇಳಿಸಿದ. ಅಮೆರಿಕದಲ್ಲಿ 1999ರಿಂದ ಅವನ ಹೆಸರಿನಲ್ಲೇ ಒಂದು ಮಾಲೆ ಬಂತು. ಆ ಗೋಷ್ಠಿಗಳೆಲ್ಲ ತನಗೆ ನೆನಪಿವೆ, ವಾದಕರ ಇಷ್ಟವೇನಿತ್ತೆಂಬುದೂ ನೆನಪಿದೆ, ತಾನು ಅವರ ಪರವಾಗಿ ಬಂದ ದೂತ ಎಂಬ ಅರ್ಥದ ಮಾತನ್ನು ಆತ ಅವುಗಳಲ್ಲಿ ಬರೆದ. ಇದಕ್ಕಿಂತ ದೊಡ್ಡ ಪ್ರಮಾಣ ಬೇಕೆ? ಆದರೂ ಕೇಳುಗರಲ್ಲಿ ಎರಡು ಪಂಗಡವಾಯಿತು. ಕೆಲವರಿಗೆ ಆ ಸಿ.ಡಿ.ಗಳು ಮುಖಕ್ಕೆ ಬಂದು ಬಡಿಯುವಂತೆ ಗಟ್ಟಿಯಾಗಿದ್ದವು. ಎಡಬಲದ ಅಂತರ ಕುಗ್ಗಿತ್ತು. ಟ್ರಂಪೆಟ್ಟಿನ ಅಂಚು ಚುಚ್ಚುತ್ತಿತ್ತು. ಇನ್ನು ಕೆಲವರಿಗೆ ಆ ಹುರುಪೇ ಬ್ಲೂ ನೋಟ್‌ನ ಜೀವ. ಎಡಬಲದ ಅಂತರ ಕುಗ್ಗಿದ್ದಕ್ಕೂ ಒಂದು ಕಾರಣ ಹೇಳಬಹುದು. ಹಿಂದೆ ಆತನೂ ಕಂಪೆನಿಯ ಒಡೆಯ ಆಲ್ಫ್ರೆಡ್ ಲಯನ್ನನೂ ಕುಳಿತು ಕೇಳುತ್ತಿದ್ದದ್ದು ಒಂದೇ ಧ್ವನಿವರ್ಧಕದಲ್ಲಿ.

ವಾನ್ ಗೆಲ್ಡರ್ 2016ರಲ್ಲಿ ತೀರಿಕೊಂಡ. 2019ರಿಂದ ಬ್ಲೂ ನೋಟ್ ಕಂಪೆನಿ ‘ಟೋನ್ ಪೊಯಟ್’ ಎಂಬ ಮಾಲೆಯಲ್ಲಿ ಅದೇ ಟೇಪುಗಳಿಂದ ಮತ್ತೆ ಪ್ಲೇಟುಗಳನ್ನು ತರುತ್ತಿದೆ. ಜೋ ಹಾರ್ಲಿ ಅದರ ಮೇಲ್ವಿಚಾರಕ. ಗೆರೆ ಕೊರೆಯುವವನು ಕೆವಿನ್ ಗ್ರೇ. ಇವರ ಹದ ಬೇರೆ. ಅಂದಿನ ಅಗ್ಗದ ಯಂತ್ರಗಳಿಗಾಗಿ ಹಿಂದೆ ಮಂದ್ರವನ್ನು ತಗ್ಗಿಸಿದ್ದುಂಟು. ಇವರು ಟೇಪಿನಲ್ಲಿದ್ದದ್ದನ್ನು ಇದ್ದಂತೆ ಬಿಡುತ್ತಾರೆ. ಡಬಲ್ ಬೇಸಿನ ಹೊಟ್ಟೆಯೊಳಗಿನ ಮರದ ನಾದ ಇವುಗಳಲ್ಲಿ ಕೇಳುವಷ್ಟು ಹಳೆಯ ಪ್ಲೇಟುಗಳಲ್ಲಿ ಕೇಳದು. ಹಳೆಯ ಪ್ಲೇಟಿನಲ್ಲಿದ್ದ ಮೈಮೇಲೆ ಬರುವ ಆವೇಶ ಇವುಗಳಲ್ಲಿ ತುಸು ಕಡಿಮೆ. ಯಾವುದು ನಿಜ? ಟೇಪು ನಿಜವೆಂದರೆ ಇವರದು ಸರಿ. ಅಂದು ಅಂಗಡಿಯಲ್ಲಿ ಕೊಂಡು ತಂದು ಜನ ಕೇಳಿದ್ದು ನಿಜವೆಂದರೆ ಹಳೆಯದು ಸರಿ. ಮುದ್ರಿಸಿದವನ ಕೊನೆಯ ಮಾತು ನಿಜವೆಂದರೆ 1999ರದು ಸರಿ. ಕವಿಯೇ ಮುಪ್ಪಿನಲ್ಲಿ ತನ್ನ ಯೌವನದ ಕವನವನ್ನು ತಿದ್ದಿ ಪ್ರಕಟಿಸಿದರೆ ಯಾವ ಪಾಠವನ್ನು ಓದಬೇಕು ಎಂಬ ಪ್ರಶ್ನೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ಇದುವರೆಗೆ ಹೇಳಿದ್ದರಲ್ಲಿ ಮೂಲ ಟೇಪು ಎಂಬುದೊಂದು ಇತ್ತು. ಮೂಲವೇ ಸುಳ್ಳಾದ ಪ್ರಸಂಗವೂ ಉಂಟು. ಅದರಲ್ಲಿ ಮಾನ ಉಳಿಸಿದ್ದು ಒಂದು ರೇಡಿಯೊ ಎಂಬುದರಿಂದ ಇಲ್ಲಿ ಹೇಳಲೇಬೇಕು. 1956ರ ಜುಲೈ 7ರ ರಾತ್ರಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ನನ ವೃಂದ ನುಡಿಸಿತು. ‘ಡಿಮಿನುಎಂಡೊ ಅಂಡ್ ಕ್ರೆಸೆಂಡೊ ಇನ್ ಬ್ಲೂ’ ಎಂಬ ರಚನೆಯ ನಡುವೆ ಪಾಲ್ ಗೊನ್ಸಾಲ್ವಿಸ್ ಎಂಬ ಸ್ಯಾಕ್ಸೊಫೋನ್ ವಾದಕ ಎದ್ದು ನಿಂತು ಇಪ್ಪತ್ತೇಳು ಆವರ್ತ ಬಿಡದೆ ನುಡಿಸಿದ. ಜನ ಹುಚ್ಚೆದ್ದು ಕುಣಿದರು. ಆದರೆ ವೇದಿಕೆಯ ಮೇಲೆ ಎರಡು ಮೈಕ್ರೊಫೋನುಗಳಿದ್ದವು. ಒಂದು ಕೊಲಂಬಿಯ ಕಂಪೆನಿಯದು, ಇನ್ನೊಂದು ವಾಯ್ಸ್ ಆಫ್ ಅಮೆರಿಕ ರೇಡಿಯೊದ್ದು. ಪಾಪ, ಆತ ನುಡಿಸಿದ್ದು ರೇಡಿಯೊದ ಮೈಕಿಗೆ! ಕಂಪೆನಿಯ ಟೇಪಿನಲ್ಲಿ ಅವನ ದನಿ ದೂರದಿಂದ ಬಂದಂತೆ ಕೇಳಿತು. ಅಂದಿನ ಕಛೇರಿಯ ಬೇರೆ ಕೆಲವು ಭಾಗಗಳೂ ಎಲಿಂಗ್ಟನ್ನನಿಗೆ ಒಪ್ಪಿಗೆಯಾಗದೆ, ಆಮೇಲೆ ಸ್ಟುಡಿಯೊದಲ್ಲಿ ಮತ್ತೆ ನುಡಿಸಿದರು. ಅದಕ್ಕೆ ಚಪ್ಪಾಳೆ ಬೆರೆಸಿ, ನ್ಯೂಪೋರ್ಟಿನದೆಂದೇ ಪ್ಲೇಟು ಹೊರಡಿಸಿದರು. ನಲವತ್ತು ವರ್ಷ ಕೇಳುಗರು ಆ ಚಪ್ಪಾಳೆಯನ್ನು ನಂಬಿದರು.

1996ರಲ್ಲಿ ರೇಡಿಯೊದವರ ಟೇಪು ಸಿಕ್ಕಿತು. ಫಿಲ್ ಶಾಪ್ ಎಂಬ ಜಾಝ್ ಪಂಡಿತರು ಅದನ್ನೂ ಕಂಪೆನಿಯ ಟೇಪನ್ನೂ ಕ್ಷಣಕ್ಕೆ ಕ್ಷಣ ಹೊಂದಿಸಿ, ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ ಇಟ್ಟರು. ಎರಡು ಬೇರೆ ಸಂಸ್ಥೆಗಳು ತಮ್ಮ ತಮ್ಮ ಪಾಡಿಗೆ ಮಾಡಿಕೊಂಡಿದ್ದ ಮುದ್ರಣಗಳಿಂದ ಅಂದಿನ ರಾತ್ರಿ ಎರಡೂ ಕಿವಿಗೆ ತುಂಬಿಕೊಂಡು ಬಂತು. 1999ರಲ್ಲಿ ಅದು ಪ್ರಕಟವಾಯಿತು. ಧ್ವನಿ ನಯವಾಗಿದೆಯೇ ಎಂದರೆ, ಎಲ್ಲ ಕಡೆಯೂ ಇಲ್ಲ. ಹಳೆಯ ಪ್ಲೇಟಿನ ಸ್ಟುಡಿಯೊ ಭಾಗಗಳು ಇದಕ್ಕಿಂತ ನುಣುಪು. ಆದರೆ ಗೊನ್ಸಾಲ್ವಿಸ್ ಈಗ ನಮ್ಮ ಎದುರಿಗೆ ನಿಂತು ನುಡಿಸುತ್ತಾನೆ. ನುಣುಪು ಬೇಕೋ ನಿಜ ಬೇಕೋ ಎಂಬ ಪ್ರಶ್ನೆ ಇಷ್ಟು ನೇರವಾಗಿ ಎದ್ದುನಿಲ್ಲುವುದು ಅಪರೂಪ.

ಇನ್ನೂ ಹಿಂದಕ್ಕೆ, ಟೇಪೇ ಇಲ್ಲದ ಕಾಲಕ್ಕೆ ಹೋದರೆ ಕಷ್ಟ ಬೇರೆಯ ಬಗೆಯದು. 1923ರ ಏಪ್ರಿಲ್‌ನಲ್ಲಿ ಕಿಂಗ್ ಆಲಿವರನ ತಂಡ ಇಂಡಿಯಾನ ಪ್ರಾಂತದ ರಿಚ್ಮಂಡ್ ಊರಿನಲ್ಲಿ ನುಡಿಸಿತು. ಆಗಿನ್ನೂ ತರುಣನಾಗಿದ್ದ ಲೂಯಿ ಆರ್ಮ್‌ಸ್ಟ್ರಾಂಗ್ ಅದರಲ್ಲಿದ್ದ. ಅಲ್ಲಿ ಮೈಕ್ರೊಫೋನ್ ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ನುಡಿಸಬೇಕು. ಆ ಗಾಳಿಯ ಒತ್ತಡವೇ ಮೇಣದ ಮೇಲೆ ಗೆರೆ ಕೊರೆಯಬೇಕು. ಪಕ್ಕದಲ್ಲಿ ರೈಲು ಹಳಿ. ರೈಲು ಬಂದರೆ ಕೆಲಸ ನಿಲ್ಲಿಸಬೇಕು. ಇಂಥ ಮುದ್ರಿಕೆಗಳಲ್ಲಿ ನಮಗೆ ಉಳಿದಿರುವುದು ಬಹುಮಟ್ಟಿಗೆ ಸಂಗ್ರಾಹಕರ ಮನೆಯ ಸವೆದ ಅರಗಿನ ಪ್ಲೇಟುಗಳೇ. ಅವುಗಳಲ್ಲಿ ಸುಯ್ಯೆಂಬ ಸದ್ದು, ಚಟಚಟ, ಎಲ್ಲ ಉಂಟು. ಇಂದಿನ ಯಂತ್ರಗಳಿಂದ ಆ ಸದ್ದನ್ನು ಪೂರ್ತಿ ಒರೆಸಿಹಾಕಬಹುದು. ಆದರೆ ಆ ಸುಯ್ಯೆಂಬ ಸದ್ದೂ ಕ್ಲಾರಿನೆಟ್ಟಿನ ಉಸಿರೂ ಇರುವುದು ಒಂದೇ ನೆರೆಯಲ್ಲಿ. ಒಂದನ್ನು ಒರೆಸಿದರೆ ಇನ್ನೊಂದೂ ಹೋಗುತ್ತದೆ. ಉಳಿಯುವುದು ಕಂಬಳಿ ಹೊದ್ದ ದನಿ.

ಇಂಗ್ಲೆಂಡಿನ ಜಾನ್ ಆರ್. ಟಿ. ಡೇವೀಸ್ ಎಂಬವರು ಈ ಕೆಲಸದಲ್ಲಿ ಆಚಾರ್ಯರೆನ್ನಿಸಿಕೊಂಡವರು. ಸ್ವತಃ ವಾದಕರು, 2004ರಲ್ಲಿ ಕಾಲವಾದರು. ಅವರು ಮೊದಲು ಹುಡುಕುತ್ತಿದ್ದದ್ದು ಒಳ್ಳೆಯ ಪ್ರತಿ. ಆಮೇಲೆ ಅದರ ಗೆರೆಗೆ ಸರಿಯಾಗಿ ಕೂಡುವ ಮುಳ್ಳು. ಚಟ್ಟೆಂದು ಸದ್ದು ಬರುವ ಕಡೆ, ಟೇಪಿನ ಮೇಲಿನ ಆ ಚೂರು ಲೇಪವನ್ನು ಕೈಯಿಂದ ಕೆರೆದು ತೆಗೆಯುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆ ಅದು. ಸುಯ್ಯೆಂಬ ಸದ್ದನ್ನು ಹೆಚ್ಚಾಗಿ ಹಾಗೇ ಬಿಟ್ಟರು. ಅವರು ಸಿದ್ಧಪಡಿಸಿದ ಆರ್ಮ್‌ಸ್ಟ್ರಾಂಗನ ಮುದ್ರಿಕೆಗಳನ್ನು ಕೇಳುವಾಗ ಮೊದಲ ಎರಡು ನಿಮಿಷ ಸದ್ದು ಕೇಳುತ್ತದೆ. ಆಮೇಲೆ ಕಿವಿ ಅದನ್ನು ತಾನೇ ಬದಿಗೆ ಸರಿಸುತ್ತದೆ. ಉಳಿಯುವುದು ಕಾರ್ನೆಟ್ಟಿನ ಆ ಹೊಳಪು. ಮಳೆ ಸುರಿಯುವಾಗ ಜಗುಲಿಯಲ್ಲಿ ಕುಳಿತು ಮಾತಾಡುವವರಿಗೆ ಮಳೆ ಕೇಳಿಸುತ್ತದೆಯೆ?

ಇನ್ನು ನನ್ನನ್ನು ಮೊದಲು ಮೋಸಗೊಳಿಸಿದ ಗಾತ್ರದ ಮಾತು. ಎರಡು ಮುದ್ರಿಕೆಗಳ ನಡುವೆ ಒಂದು ಡೆಸಿಬೆಲ್ಲಿನ ಅಂತರವಿದ್ದರೆ, ಅದು ಗಟ್ಟಿಯಾಗಿದೆ ಎಂದು ನಮಗೆ ಅನ್ನಿಸುವುದಿಲ್ಲ; ಚೆನ್ನಾಗಿದೆ ಎಂದು ಅನ್ನಿಸುತ್ತದೆ. ಮೆಲ್ಲಗಿನ ದನಿಯಲ್ಲಿ ನಮ್ಮ ಕಿವಿಗೆ ಮಂದ್ರ ಕಡಿಮೆ ಮುಟ್ಟುತ್ತದೆ. ದನಿ ಏರಿದಂತೆ ಅದು ತುಂಬಿ ಬರುತ್ತದೆ. ಇದು ಮನುಷ್ಯನ ಕಿವಿಯ ಸ್ವಭಾವ. ವ್ಯಾಪಾರಿಗಳು ಇದನ್ನು ಬಲ್ಲರು. ಸಿ.ಡಿ.ಯಲ್ಲಿ ದನಿ ಏರಬಹುದಾದ ಎತ್ತರಕ್ಕೆ ಒಂದು ಮಿತಿಯುಂಟು. ಆ ಮಿತಿಯನ್ನು ದಾಟಲಾಗದೆ, ಮೆಲ್ಲಗಿದ್ದದ್ದನ್ನೆಲ್ಲ ಮೇಲಕ್ಕೆ ತಳ್ಳಿ, ಎದ್ದಿದ್ದ ಶಿಖರಗಳನ್ನು ಒತ್ತಿ, ಎಲ್ಲವನ್ನೂ ಸಮಮಾಡುವ ಅಭ್ಯಾಸ 1990ರ ದಶಕದಲ್ಲಿ ಬಲವಾಯಿತು. ಬೆಟ್ಟವೂ ಇಲ್ಲ, ಕಣಿವೆಯೂ ಇಲ್ಲ, ಒಂದೇ ಬಯಲು. ಅದರಲ್ಲಿ ಮೊದಲು ಸಾಯುವುದು ಡ್ರಮ್ಮಿನ ಪೆಟ್ಟು. ಆಮೇಲೆ ಎರಡು ಸ್ವರಗಳ ನಡುವಿನ ಮೌನ. ಗದ್ದಲದ ಸಂಗೀತ ಅದನ್ನು ತಡೆದೀತು. ಪಿಸುಮಾತಿನಿಂದ ಕೂಗಿನವರೆಗೆ ಹರಡಿಕೊಂಡಿರುವ ಜಾಝ್ ತಡೆಯಲಾರದು.

ಕಿವಿಯನ್ನು ಮೋಸಗೊಳಿಸುವ ಇನ್ನೊಂದು ವಸ್ತು ನಂಬಿಕೆ. ಮೊಬೈಲ್ ಫಿಡೆಲಿಟಿ ಎಂಬ ಅಮೆರಿಕದ ಕಂಪೆನಿಯ ದುಬಾರಿ ಪ್ಲೇಟುಗಳು ಮೂಲ ಟೇಪಿನಿಂದ ನೇರವಾಗಿ, ನಡುವೆ ಡಿಜಿಟಲ್ ಹಂತವಿಲ್ಲದೆ ತಯಾರಾದವೆಂದು ಎಷ್ಟೋ ರಸಿಕರು ನಂಬಿದ್ದರು. ಡಿಜಿಟಲ್ ಎಂದರೆ ತಕ್ಷಣ ಗುರುತಿಸುತ್ತೇವೆಂದು ಹೇಳುತ್ತಿದ್ದವರೇ ಅವನ್ನು ಹೊಗಳುತ್ತಿದ್ದರು. 2022ರಲ್ಲಿ ಗುಟ್ಟು ಹೊರಬಿತ್ತು. ಹಲವು ವರ್ಷಗಳಿಂದ ಅವುಗಳಲ್ಲಿ ಅನೇಕಕ್ಕೆ ಡಿಜಿಟಲ್ ಹಂತವೊಂದು ಇತ್ತು. ವ್ಯಾಜ್ಯ ನ್ಯಾಯಾಲಯದವರೆಗೆ ಹೋಯಿತು. ಕೊಂಡವರಿಗೆ ನಿಜ ಹೇಳದಿದ್ದದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ಲೇಟುಗಳ ಧ್ವನಿ ಗುಟ್ಟು ಹೊರಬಿದ್ದ ಮರುದಿನ ಕೆಟ್ಟುಹೋಗಲಿಲ್ಲ. ಹಿಂದಿನ ದಿನ ಹೇಗಿತ್ತೋ ಹಾಗೇ ಇತ್ತು. ಬದಲಾದದ್ದು ಕೇಳುವವರ ಮನಸ್ಸು.

ಹಾಗಾದರೆ ಹೋಲಿಸುವುದು ಹೇಗೆ? ನನ್ನ ಸ್ನೇಹಿತರಿಂದ ಕಲಿತದ್ದನ್ನು ಹೇಳುತ್ತೇನೆ. ಮೊದಲು ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತರಬೇಕು. ಇದಿಲ್ಲದ ಹೋಲಿಕೆ ಹೋಲಿಕೆಯೇ ಅಲ್ಲ. ಎರಡನೆಯದಾಗಿ, ಯಾವುದು ಯಾವುದೆಂದು ಗೊತ್ತಿಲ್ಲದಂತೆ ಬೇರೊಬ್ಬರಿಂದ ನುಡಿಸಬೇಕು. ಮೂರನೆಯದಾಗಿ, ಇಡೀ ಆಲ್ಬಮ್ಮನ್ನಲ್ಲ, ಅರ್ಧ ನಿಮಿಷದ ತುಣುಕನ್ನು ಮತ್ತೆ ಮತ್ತೆ ಕೇಳಬೇಕು. ಆ ತುಣುಕಿನಲ್ಲಿ ‘ಚೆನ್ನಾಗಿದೆಯೇ’ ಎಂದು ಕೇಳಿಕೊಳ್ಳದೆ ಗೊತ್ತಾದ ವಸ್ತುಗಳನ್ನು ಹುಡುಕಬೇಕು. ಬೇಸಿನ ಪ್ರತಿಯೊಂದು ಸ್ವರಕ್ಕೂ ಮೊದಲೂ ಕೊನೆಯೂ ಇದೆಯೆ, ಅಥವಾ ಬರಿಯ ಗುಂಯ್‌ಗುಡುವಿಕೆಯೆ? ಪಿಯಾನೊ ಪಿಯಾನೊದಷ್ಟು ದೊಡ್ಡದಾಗಿದೆಯೆ, ಪೆಟ್ಟಿಗೆಯೊಳಗೆ ಕುಳಿತಿದೆಯೆ? ಸಿಂಬಲ್ಲಿನ ನಾದ ಕೊನೆಯವರೆಗೆ ಕರಗುತ್ತದೆಯೆ, ನಡುವೆ ಕತ್ತರಿಸಿದಂತೆ ನಿಲ್ಲುತ್ತದೆಯೆ? ಕೊನೆಯದಾಗಿ, ಎರಡು ಬದಿ ಕೇಳಿದ ಮೇಲೆ ಕಿವಿ ದಣಿದಿದೆಯೆ, ಇನ್ನೂ ಬೇಕೆನ್ನುತ್ತಿದೆಯೆ? ಈ ಕೊನೆಯ ಪರೀಕ್ಷೆಯಲ್ಲಿ ಗಟ್ಟಿ ದನಿಯ ಮುದ್ರಿಕೆಗಳು ಬಹಳ ಮಟ್ಟಿಗೆ ಸೋಲುತ್ತವೆ.

ಇಷ್ಟಾದರೂ ಒಂದೇ ಉತ್ತರ ಬರುವುದಿಲ್ಲ, ಬರಬೇಕಾದ್ದೂ ಇಲ್ಲ. ಪಾಠಾಂತರಗಳುಳ್ಳ ಕಾವ್ಯವನ್ನು ಓದುವವನು ಒಂದು ಪಾಠವನ್ನು ಮೆಚ್ಚಿ ಇನ್ನೊಂದನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳುತ್ತಾನೆ, ಸುಟ್ಟುಹಾಕುವುದಿಲ್ಲ. ಯಾವ ಟೇಪು, ಯಾರ ಕೈ, ಎಷ್ಟು ಗಟ್ಟಿ ಎಂಬ ಮೂರನ್ನು ಕೇಳಿ ತಿಳಿದುಕೊಂಡರೆ ನಮ್ಮ ಮೆಚ್ಚುಗೆಗೆ ಒಂದು ಕಾರಣವಾದರೂ ಇರುತ್ತದೆ. ಚೀಟಿಯ ಮೇಲಿನ ಪ್ರಶಸ್ತಿಯನ್ನು ನಂಬಿ ನಾಲ್ಕನೆಯ ಸಲ ಹಣ ಕೊಡುವುದೂ ತಪ್ಪೀತು. ಮರುಮುದ್ರಿಕೆ ಹೊರಡಿಸುವವರು ಈ ಮೂರನ್ನು ಹೊದಿಕೆಯ ಮೇಲೆ ಪ್ರಾಮಾಣಿಕವಾಗಿ ಅಚ್ಚುಹಾಕಿದರೆ ಅರ್ಧ ಜಗಳ ತೀರುತ್ತದೆ. ಸಂಪಾದಕನು ಮುನ್ನುಡಿಯಲ್ಲಿ ತಾನು ಬಳಸಿದ ಪ್ರತಿಗಳ ವಿವರ ಕೊಡುವುದಿಲ್ಲವೆ?

ಅಂದು ಹೊರಡುವ ಮುನ್ನ ನನ್ನ ಸ್ನೇಹಿತರು ‘ಸೋ ವಾಟ್’ನ ಒಂದು ತುಣುಕನ್ನು ಮತ್ತೆ ಹಾಕಿದರು. ಮೊದಲು ಬೇಸು ಒಂದು ಮಾತು ಕೇಳುತ್ತದೆ, ಊದುವ ವಾದ್ಯಗಳು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತವೆ. ಹೀಗೆ ಕೆಲವು ಸಲ ನಡೆದು, ಡೇವಿಸನ ಟ್ರಂಪೆಟ್ ತನ್ನ ಮನೋಧರ್ಮಕ್ಕೆ ತೊಡಗುವ ಆ ಕ್ಷಣದಲ್ಲಿ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಒಂದು ಪೆಟ್ಟು ಕೊಡುತ್ತಾನೆ. ಟ್ರಂಪೆಟ್ ಮುಂದೆ ಹೋದರೂ ಅದರ ನಾದ ಹಿಂದೆ ತೇಲುತ್ತಲೇ ಇರುತ್ತದೆ. ಗಟ್ಟಿಮಾಡಿದ ಮುದ್ರಿಕೆಯಲ್ಲಿ ಆ ನಾದ ಒಂದು ಉಸಿರಿನೊಳಗೆ ಮಾಯವಾಯಿತು. ಇನ್ನೊಂದರಲ್ಲಿ ಅದು ಆ ಹಳೆಯ ಚರ್ಚಿನ ಮಾಡಿನವರೆಗೆ ಏರಿ, ಅಲ್ಲಿ ಸ್ವಲ್ಪ ನಿಂತು, ಮೆಲ್ಲನೆ ಇಳಿಯಿತು. ಆ ಕಟ್ಟಡವನ್ನು ಕೆಡವಿ ಬಹಳ ವರ್ಷಗಳಾದವು. ಪೆಟ್ಟು ಕೊಟ್ಟವನೂ ಇಲ್ಲ. ನಾವಿಬ್ಬರೂ ನಾದ ಪೂರ್ತಿ ಇಳಿಯುವವರೆಗೆ ಮಾತಾಡಲಿಲ್ಲ.